ರಂಗನತಿಟ್ಟಿನ ಗೂಡೂ ಕ್ಯಾಮರಾದ ಕಣ್ಣೂ

ಶ್ರೀರಂಗಪಟ್ಟಣದ ಸಮೀಪದಲ್ಲಿ ಕಾವೇರಿ ನದಿಯು ಕೆಲವು ಸಣ್ಣ ನಡುಗಡ್ಡೆಗಳನ್ನು ತನ್ನ ಮಡಿಲಿನಲ್ಲಿ ಇಟ್ಟುಕೊಂಡು ಹರಿಯುತ್ತದೆ. ಅಂತಹ ದಿಬ್ಬಗಳಿಗೆ ಈ ಸೀಮೆಯಲ್ಲಿ ತಿಟ್ಟು ಎಂದು ಹೆಸರು. 1645ರಿಂದ 1648ರ ನಡುವೆ ಮೈಸೂರಿನ ಅರಸರಾದ ಕಂಠೀರವ ನರಸರಾಜ ಒಡೆಯರು ನದಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಈ ತಿಟ್ಟುಗಳು ಮೈದಳೆದುವು. ಸುತ್ತಲೂ ನೀರು, ನಡುವೆ ಮರ. ಬೆಕ್ಕು ನಾಯಿಗಳ ಕಾಟವಿಲ್ಲ. ಮರಿ ಮಾಡುವ ಹಕ್ಕಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಯಾವುದಿದ್ದೀತು? 1940ರಲ್ಲಿ ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರು ಇಲ್ಲಿನ ಗೂಡುಗಳ ಸಾಲನ್ನು ಕಂಡು, ಮೈಸೂರು ಅರಸರ ಮನವೊಲಿಸಿ, ಇದನ್ನು ಪಕ್ಷಿಧಾಮವೆಂದು ಸಾರುವಂತೆ ಮಾಡಿದರು. 2022ರಲ್ಲಿ ರಂಗನತಿಟ್ಟಿಗೆ ರಾಮ್‌ಸಾರ್ ಮನ್ನಣೆ ದೊರೆಯಿತು. ಜಗತ್ತಿನ ಮುಖ್ಯ ಜೌಗುನೆಲೆಗಳ ಆ ಪಟ್ಟಿಯಲ್ಲಿ ಸೇರಿದ ಕರ್ನಾಟಕದ ಮೊದಲ ತಾಣ ಇದೇ.

ಹೀಗೆ ಅರಸರೂ ಸರ್ಕಾರವೂ ಹಕ್ಕಿಗಳಿಗೆ ಬರೆದುಕೊಟ್ಟ ಮನೆಯಿದು. ಆ ಮನೆಗೆ ಈಗ ಬರುವ ಅತಿಥಿಗಳಲ್ಲಿ ಕ್ಯಾಮರಾ ಇಲ್ಲದವರು ವಿರಳ. ಮಕ್ಕಳ ಕೈಯಲ್ಲಿ ಮೊಬೈಲು, ಹವ್ಯಾಸಿಯ ಹೆಗಲಲ್ಲಿ ಮೊಳದುದ್ದದ ಮಸೂರ, ವೃತ್ತಿಯವನ ಬೆನ್ನಿಗೆ ಮುಕ್ಕಾಲಿಯೇ ಮೊದಲಾದ ಸರಂಜಾಮು. ಚಿತ್ರ ತೆಗೆಯುವುದಕ್ಕೆ ಇಲ್ಲಿ ಏನೇನು ನಿಯಮಗಳಿವೆ? ಚಿತ್ರವನ್ನು ಮಾರಿ ಹಣ ಮಾಡುವವನಿಗೆ ಬೇರೆ ನಿಯಮ ಇರಬೇಕೇ? ಮೇಲುನೋಟಕ್ಕೆ ಇದು ಕಚೇರಿಯ ಗುಮಾಸ್ತರಿಗೆ ಬಿಟ್ಟ ಶುಷ್ಕ ವಿಷಯವೆಂದು ತೋರಬಹುದು. ಆದರೆ ಇದರ ಕೊನೆಯ ಎಳೆ ಹೋಗಿ ಮುಟ್ಟುವುದು ಗೂಡಿನಲ್ಲಿ ಬಾಯ್ದೆರೆದು ಕುಳಿತ ಮರಿಯನ್ನು.

ಗೂಡಿನ ಬಳಿಯ ಗದ್ದಲ

ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಇವೆಲ್ಲ ಇಲ್ಲಿ ಗುಂಪುಗುಂಪಾಗಿ ಮರಿ ಮಾಡುತ್ತವೆ. ಚಳಿಗಾಲ ಕಳೆದು ಬಿಸಿಲು ಏರಿದಾಗ ಬಣ್ಣದ ಕೊಕ್ಕರೆ ತನ್ನ ಗೂಡಿನ ಮೇಲೆ ರೆಕ್ಕೆಗಳನ್ನು ಅರ್ಧ ಬಿಚ್ಚಿ ಅಲುಗಾಡದೆ ನಿಲ್ಲುವುದುಂಟು. ನೋಡುವವರಿಗೆ ಅದು ಚಂದದ ಭಂಗಿ. ನಿಜವಾಗಿ ಅದು ಕೊಡೆ. ಪುಕ್ಕ ಬಲಿಯದ ಮರಿಗಳ ಮೇಲೆ ಉರಿಬಿಸಿಲು ಬೀಳದಂತೆ ತಾಯಿಯೋ ತಂದೆಯೋ ತನ್ನ ಮೈಯನ್ನೇ ನೆರಳು ಮಾಡಿ ನಿಂತಿರುತ್ತದೆ.

ದೋಣಿ ತೀರ ಹತ್ತಿರ ಬಂದರೆ ಆ ಕೊಡೆ ಹಾರಿಹೋಗುತ್ತದೆ. ಗುಂಪಿನಲ್ಲಿ ಒಂದು ಎದ್ದರೆ ನೆರೆಯ ಹತ್ತು ಏಳುತ್ತವೆ. ಆ ಹೊತ್ತಿನಲ್ಲಿ ಮರಿಗಳು ಬಿಸಿಲಿಗೆ ಬೇಯುತ್ತವೆ. ಕಾವು ತಪ್ಪಿದ ಮೊಟ್ಟೆಗಳ ಮೇಲೆ ಕಾಗೆಯೂ ಹದ್ದೂ ಕಣ್ಣಿಡುತ್ತವೆ. ಕೊಂಬೆಯ ಅಂಚಿಗೆ ಸರಿದ ಮರಿ ಕೆಳಗೆ ಬಿದ್ದರೆ ಅಲ್ಲಿ ಮೊಸಳೆಗಳಿವೆ. ರೆಕ್ಕೆ ಬಿಚ್ಚಿ ಮೇಲೇಳುವ ಹಕ್ಕಿಗಳ ಚಿತ್ರ ಬಹು ಸೊಗಸಾಗಿ ಬರುತ್ತದೆಂಬುದು ನಿಜವೇ. ಅದಕ್ಕಾಗಿ ಚಪ್ಪಾಳೆ ತಟ್ಟಿ ಎಬ್ಬಿಸುವವನಿಗೆ ಆ ಹಕ್ಕಿ ಮತ್ತೆ ಬಂದು ಕೂರುವವರೆಗೆ ಕಾಯುವ ಅಗತ್ಯವಿಲ್ಲ. ಅವನ ಕೆಲಸ ಆಗಿರುತ್ತದೆ.

ಒಂದು ಕಾಲದಲ್ಲಿ ಹಕ್ಕಿಯ ಚಿತ್ರವೆಂದರೆ ಗೂಡಿನ ಚಿತ್ರವೇ ಆಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 1892ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಸಹೋದರರು ಮೊಟ್ಟೆಗಳಿದ್ದ ಗೂಡೊಂದರ ಛಾಯಾಚಿತ್ರ ತೆಗೆದು ಹೆಸರಾದರು. ಮುಂದೆ ಹಕ್ಕಿಗಳನ್ನು ಮರುಳು ಮಾಡಲು ಪೊಳ್ಳು ಎತ್ತಿನ ಬೊಂಬೆಯೊಳಗೆ ಕ್ಯಾಮರಾ ಹಿಡಿದು ಅಡಗಿ ಕೂತರು. ಆ ದಿನಗಳ ಗಾಜಿನ ಫಲಕಗಳಿಗೆ ಬೆಳಕು ನಿಧಾನವಾಗಿ ಹತ್ತುತ್ತಿತ್ತು. ಹಾರಾಡುವ ಹಕ್ಕಿಯನ್ನು ಹಿಡಿಯುವುದು ಕಷ್ಟ. ಗೂಡಿಗಾದರೋ ಹಕ್ಕಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಆದುದರಿಂದ ಗೂಡಿನ ಪಕ್ಕದಲ್ಲಿ ಮರೆ ಕಟ್ಟಿ ಕಾಯುವುದು ಬಹುಕಾಲ ವಾಡಿಕೆಯಾಗಿ ಉಳಿಯಿತು. ಇಂದಿನ ಕ್ಯಾಮರಾಗಳಿಗೆ ಆ ಬಡತನವಿಲ್ಲ. ಅಗತ್ಯ ಹೋಗಿದೆ, ಅಭ್ಯಾಸ ಮಾತ್ರ ಉಳಿದಿದೆ.

ಕಾನೂನು ಹೇಳುವುದೇನು?

ಪಕ್ಷಿಧಾಮ, ವನ್ಯಧಾಮಗಳಲ್ಲಿ ನಡೆಯುವ ಎಲ್ಲ ವ್ಯವಹಾರಕ್ಕೂ ಬುನಾದಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಅದರ 28ನೆಯ ಪ್ರಕರಣದ ಪ್ರಕಾರ ಧಾಮವನ್ನು ಪ್ರವೇಶಿಸಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕೆಲವು ಉದ್ದೇಶಗಳಿಗೆ ಅನುಮತಿ ನೀಡಬಹುದು. ವನ್ಯಜೀವಿಗಳ ಅಧ್ಯಯನ, ವೈಜ್ಞಾನಿಕ ಸಂಶೋಧನೆ, ಪ್ರವಾಸ ಮುಂತಾದವುಗಳ ಜತೆಗೆ ಛಾಯಾಗ್ರಹಣವೂ ಅಲ್ಲಿ ಹೆಸರಿಸಲ್ಪಟ್ಟಿದೆ. ಐವತ್ತು ವರ್ಷಗಳ ಕಾಲ ಅಲ್ಲಿದ್ದುದು ಅದೊಂದೇ ಪದ. 2022ರ ತಿದ್ದುಪಡಿಯಲ್ಲಿ ಸಂಸತ್ತು ಅದಕ್ಕೆ ಚಿತ್ರೀಕರಣವನ್ನೂ ಸೇರಿಸಿ, ಒಂದು ಬೇಲಿಯನ್ನೂ ಹಾಕಿತು: ಜೀವಿಗಳ ನೆಲೆಯಲ್ಲಿ ಯಾವ ಮಾರ್ಪಾಟನ್ನೂ ಮಾಡದೆ, ನೆಲೆಗಾಗಲಿ ಜೀವಿಗಳಿಗಾಗಲಿ ಕೆಡುಕಾಗದಂತೆ ಮಾತ್ರ ಈ ಕೆಲಸ ನಡೆಯತಕ್ಕದ್ದು. ಚಿತ್ರಕ್ಕೆ ಅಡ್ಡಬಂದ ಒಂದು ರೆಂಬೆಯನ್ನು ಮುರಿಯುವುದೂ ಮಾರ್ಪಾಟೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಕಾಯಿದೆಯಲ್ಲಿ ಇನ್ನೊಂದು ಮಾತಿದೆ. ಅದನ್ನು ಬಲ್ಲವರು ಕಡಿಮೆ. ಬೇಟೆ ಎಂದರೆ ಏನು ಎಂಬುದನ್ನು ಆರಂಭದಲ್ಲಿಯೇ ವಿವರಿಸಲಾಗಿದೆ. ಕೊಲ್ಲುವುದು, ಹಿಡಿಯುವುದು, ಬಲೆಯೊಡ್ಡುವುದು ಇಷ್ಟೇ ಬೇಟೆಯಲ್ಲ. ಕಾಡುಹಕ್ಕಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದೂ, ಅವುಗಳ ಮೊಟ್ಟೆ ಅಥವಾ ಗೂಡುಗಳನ್ನು ಕದಡುವುದೂ ಬೇಟೆಯ ಅರ್ಥದೊಳಗೇ ಬರುತ್ತವೆ. ಕೋವಿ ಹಿಡಿದವನು ಬೇಟೆಗಾರ, ಕ್ಯಾಮರಾ ಹಿಡಿದವನು ಸಾಧು ಎಂದು ಲೋಕ ಬಗೆದಿರಬಹುದು. ಕಾನೂನು ಹಾಗೆ ಬಗೆದಿಲ್ಲ. ಅದು ಕೈಯಲ್ಲಿ ಏನಿದೆಯೆಂದು ಕೇಳುವುದಿಲ್ಲ, ಗೂಡಿಗೆ ಏನಾಯಿತೆಂದು ಕೇಳುತ್ತದೆ. ಈ ಕಾಯಿದೆಯನ್ನು ಮೀರಿದವರಿಗೆ ಸಾಮಾನ್ಯವಾಗಿ ಮೂರು ವರ್ಷಗಳವರೆಗೆ ಸೆರೆ, ಇಲ್ಲವೇ ಜುಲ್ಮಾನೆ, ಇಲ್ಲವೇ ಎರಡೂ ಎಂದಿದೆ. 25,000 ರೂಪಾಯಿಗಳವರೆಗೆ ಇದ್ದ ಆ ಜುಲ್ಮಾನೆಯ ಮಿತಿ 2022ರ ತಿದ್ದುಪಡಿಯಿಂದ 1 ಲಕ್ಷಕ್ಕೆ ಏರಿತು. ಕೆಲವು ಜೀವಿಗಳ ವಿಷಯದಲ್ಲಿ ಶಿಕ್ಷೆ ಇನ್ನೂ ಕಠಿಣ.

ಗಮನಿಸತಕ್ಕ ಸಂಗತಿಯೆಂದರೆ, ಛಾಯಾಗ್ರಹಣದ ಅನುಮತಿಯ ಮಾತು ಬಂದಾಗ ಈ ಪ್ರಕರಣದಲ್ಲಿ ವ್ಯಾಪಾರ ಎಂಬ ಶಬ್ದವೇ ಇಲ್ಲ. ಮಾರುವವನಿಗೂ ಮನೆಯ ಗೋಡೆಗೆ ತೂಗುಹಾಕುವವನಿಗೂ ಅದು ಒಂದೇ ಅಳತೆಗೋಲು. ವ್ಯಾಪಾರದ ಪ್ರಶ್ನೆ ಹುಟ್ಟುವುದು ಮುಂದಿನ ಮೆಟ್ಟಿಲಲ್ಲಿ, ಇಲಾಖೆಯ ಶುಲ್ಕದ ಪಟ್ಟಿಯಲ್ಲಿ ಮತ್ತು ಒಪ್ಪಂದದ ಪತ್ರದಲ್ಲಿ.

ಮಸೂರದ ಉದ್ದಕ್ಕೆ ಸುಂಕ

ರಾಜ್ಯದ ವನ್ಯಧಾಮಗಳ ಬಾಗಿಲಲ್ಲಿ ಕ್ಯಾಮರಾಕ್ಕೆ ಶುಲ್ಕ ಕಟ್ಟುವ ರೂಢಿಯಿದೆ. ಮಸೂರ ಉದ್ದವಾದಷ್ಟೂ ಶುಲ್ಕ ಹೆಚ್ಚು ಎಂಬ ಕ್ರಮವೂ ಬಳಕೆಗೆ ಬಂದಿದೆ. ರಂಗನತಿಟ್ಟಿನಲ್ಲಿ ಛಾಯಾಗ್ರಾಹಕರಿಗೆಂದೇ ಹೆಚ್ಚಿನ ಬಾಡಿಗೆಯ ಪ್ರತ್ಯೇಕ ದೋಣಿಗಳನ್ನೂ ಒದಗಿಸಲಾಗುತ್ತದೆ. ಇದರ ಹಿಂದಿನ ತರ್ಕ ಸರಳ. ದುಬಾರಿ ಮಸೂರ ಇಟ್ಟುಕೊಂಡವನು ಉಳ್ಳವನು, ಬಹುಶಃ ಅದರಿಂದ ಗಳಿಸುವವನು. ಅವನಿಂದ ನಾಲ್ಕು ಕಾಸು ಹೆಚ್ಚು ಬಂದರೆ ಧಾಮಕ್ಕೆ ಅನುಕೂಲ. ಪ್ರತಿಯೊಬ್ಬರನ್ನೂ ನಿಲ್ಲಿಸಿ, ನೀವು ಈ ಚಿತ್ರವನ್ನು ಮಾರುವಿರಾ ಎಂದು ಕೇಳಿ ಉತ್ತರವನ್ನು ಪರೀಕ್ಷಿಸುವುದು ಬಾಗಿಲು ಕಾಯುವವನಿಂದ ಆಗದ ಕೆಲಸ. ಮಸೂರವನ್ನು ಅಳೆಯುವುದು ಸುಲಭ.

ಆದರೆ ಹಕ್ಕಿಯ ಪಕ್ಕದಿಂದ ನೋಡಿದರೆ ಈ ಲೆಕ್ಕ ತಲೆಕೆಳಗು. 50 ಮಿಲಿಮೀಟರಿನ ಮಸೂರದಲ್ಲಿ ಹತ್ತು ಮೀಟರು ದೂರದಿಂದ ಹಕ್ಕಿ ಎಷ್ಟು ದೊಡ್ಡದಾಗಿ ಮೂಡುತ್ತದೆಯೋ, 500 ಮಿಲಿಮೀಟರಿನ ಮಸೂರದಲ್ಲಿ ನೂರು ಮೀಟರು ದೂರದಿಂದ ಅಷ್ಟೇ ದೊಡ್ಡದಾಗಿ ಮೂಡುತ್ತದೆ. ಉದ್ದ ಮಸೂರದವನು ನದಿಯ ಈಚೆ ದಡದಲ್ಲಿಯೇ ನಿಂತು ತನ್ನ ಕೆಲಸ ಮುಗಿಸಬಲ್ಲ. ಮೊಬೈಲು ಹಿಡಿದವನಿಗೆ ಕೊಂಬೆಯ ಕೆಳಗೇ ದೋಣಿ ಬೇಕು. ದೂರ ನಿಲ್ಲಬಲ್ಲವನಿಗೆ ಹೆಚ್ಚು ಸುಂಕ, ಹತ್ತಿರ ನುಗ್ಗಬೇಕಾದವನಿಗೆ ಕಡಿಮೆ! ಗಳಿಕೆಯ ಮಾತಿಗೆ ಬಂದರೂ ಈ ಅಳತೆ ಹಳತಾಯಿತು. ಈಗ ಮೊಬೈಲಿನಲ್ಲಿ ತೆಗೆದ ನಾಲ್ಕು ನಿಮಿಷದ ದೃಶ್ಯವನ್ನು ಅಂತರಜಾಲದಲ್ಲಿ ಹಾಕಿ ಜಾಹೀರಾತಿನಿಂದ ಹಣ ಪಡೆಯುವವರಿದ್ದಾರೆ. ಲಕ್ಷಗಟ್ಟಲೆ ಬೆಲೆಯ ಮಸೂರವಿದ್ದೂ ಒಂದು ಬಿಡಿಗಾಸು ಗಳಿಸದ ನಿವೃತ್ತ ಅಧಿಕಾರಿಗಳಿದ್ದಾರೆ.

ಇದಕ್ಕಿಂತ ದೊಡ್ಡ ಅಪಾಯ ಮನಸ್ಸಿನದು. ಸಾವಿರಾರು ರೂಪಾಯಿ ಕೊಟ್ಟು ದೋಣಿ ಹಿಡಿದವನು ಆ ಹಣಕ್ಕೆ ತಕ್ಕ ಸರಕು ಸಿಗಬೇಕೆಂದು ಬಯಸುತ್ತಾನೆ. ಕೊಟ್ಟ ಶುಲ್ಕ ಧಾಮದ ಪೋಷಣೆಗೆ; ಹಕ್ಕಿಯ ನೆಮ್ಮದಿಯನ್ನು ಕೊಳ್ಳುವುದಕ್ಕಲ್ಲ. ಈ ಎರಡನ್ನೂ ಒಂದೇ ರಸೀದಿಯಲ್ಲಿ ಬೆರೆಸಿದ ಕೂಡಲೇ ನಿಯಮದ ಜೀವ ಹೋಗುತ್ತದೆ.

ಗಳಿಕೆ ಯಾರದು?

ಹಾಗೆಂದು ಗಳಿಕೆಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಾಡು ಸಾರ್ವಜನಿಕರ ಸೊತ್ತು. ಅದರ ಚಿತ್ರದಿಂದ ಬರುವ ಲಾಭದಲ್ಲಿ ಕಾಡಿಗೆ ಪಾಲಿಲ್ಲವೇ? ಕನ್ನಡ ನಾಡಿನಲ್ಲಿಯೇ ಈ ಪ್ರಶ್ನೆ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದೆ. ಅರಣ್ಯ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡು, ಹಲವು ವರ್ಷಗಳ ಶ್ರಮದಿಂದ ತಯಾರಾದ ‘ವೈಲ್ಡ್ ಕರ್ನಾಟಕ’ ಎಂಬ ಸಾಕ್ಷ್ಯಚಿತ್ರ 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದಿತು. ಡೇವಿಡ್ ಅಟೆನ್‌ಬರೋ ಅವರ ಕಂಠದಲ್ಲಿ ನಿರೂಪಣೆ, ರಾಷ್ಟ್ರಪ್ರಶಸ್ತಿಯೂ ಬಂದಿತು. ಕರ್ನಾಟಕದ ಕಾಡುಗಳ ವೈಭವವನ್ನು ಕಂಡು ಜನ ಹಿಗ್ಗಿದರು. ಆದರೆ 2021ರ ಜೂನ್ ತಿಂಗಳಿನಲ್ಲಿ ಉಚ್ಚ ನ್ಯಾಯಾಲಯವು ಮಧ್ಯಂತರ ಆಜ್ಞೆಯ ಮೂಲಕ ಆ ಚಿತ್ರದ ಪ್ರಸಾರವನ್ನೂ ಮಾರಾಟವನ್ನೂ ತಡೆಹಿಡಿಯಿತು. ಲಾಭದ ಉದ್ದೇಶವಿಲ್ಲವೆಂದು ಅನುಮತಿ ಪಡೆದು ತೆಗೆದ ದೃಶ್ಯಗಳನ್ನು ವ್ಯಾಪಾರಕ್ಕೆ ಬಳಸಲಾಗಿದೆ ಎಂಬುದು ಅರ್ಜಿದಾರರ ದೂರಾಗಿತ್ತು.

ಆ ವ್ಯಾಜ್ಯದಲ್ಲಿ ಯಾರು ಸರಿ ಯಾರು ತಪ್ಪು ಎಂಬುದು ನ್ಯಾಯಾಲಯದ ಕೆಲಸ. ಓದುಗರು ಅದರಿಂದ ಅರಿಯತಕ್ಕ ಪಾಠ ಬೇರೆ. ಚಿತ್ರ ಎಷ್ಟೇ ಸುಂದರವಾಗಿರಲಿ, ಕಾಡಿನ ಬಗ್ಗೆ ಎಷ್ಟೇ ಪ್ರೀತಿ ಹುಟ್ಟಿಸಲಿ, ಕ್ಯಾಮರಾ ಒಳಗೆ ಹೋಗುವ ಮುನ್ನವೇ ಕಾಗದದ ಮೇಲೆ ಮೂರು ಸಂಗತಿಗಳು ಸ್ಪಷ್ಟವಾಗಿರಬೇಕು. ಚಿತ್ರದ ಒಡೆತನ ಯಾರದು, ಅದನ್ನು ಯಾರು ಯಾರಿಗೆ ಮಾರಬಹುದು, ಮಾರಿದರೆ ಕಾಡಿಗೆ ಬರುವ ಪಾಲೆಷ್ಟು. ಮನೆ ಕಟ್ಟುವಾಗ ಕರಾರು ಬರೆಯುವ ಗೃಹಸ್ಥ ಮೇಸ್ತ್ರಿಯನ್ನು ಅನುಮಾನಿಸುತ್ತಾನೆಂದು ಅರ್ಥವಲ್ಲ. ಮುಂದೆ ಇಬ್ಬರ ಸ್ನೇಹವೂ ಉಳಿಯಲಿ ಎಂಬುದೇ ಅದರ ಅರ್ಥ.

ಅಮೆರಿಕದ ಲೆಕ್ಕಾಚಾರ

ಹೊರದೇಶದವರು ಈ ಗಂಟನ್ನು ಹೇಗೆ ಬಿಡಿಸಿದ್ದಾರೆಂದು ನೋಡುವುದು ಉಪಯುಕ್ತ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2000ದಲ್ಲಿ ಆದ ಕಾನೂನು ರಾಷ್ಟ್ರೀಯ ಉದ್ಯಾನಗಳಲ್ಲಿ ವಾಣಿಜ್ಯ ಚಿತ್ರೀಕರಣಕ್ಕೆ ಅನುಮತಿಯನ್ನೂ ಶುಲ್ಕವನ್ನೂ ಕಡ್ಡಾಯ ಮಾಡಿತ್ತು. ಸಣ್ಣ ಚಿತ್ರವೊಂದನ್ನು ಒಬ್ಬಿಬ್ಬರೇ ಸೇರಿ ತೆಗೆದವರಿಗೂ, ಲಾರಿಗಟ್ಟಲೆ ಸಾಮಾನು ತರುವ ಕಂಪನಿಗೂ ಒಂದೇ ನಿಯಮವಾದುದರಿಂದ ಅದು ವ್ಯಾಜ್ಯಕ್ಕೆ ಎಡೆಯಾಯಿತು. 2021ರಲ್ಲಿ ಕೆಳಗಿನ ನ್ಯಾಯಾಲಯ ಆ ಕಾನೂನು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಕೊನೆಗೆ ಅಲ್ಲಿನ ಕಾಂಗ್ರೆಸ್ಸೇ ಹೊಸ ಕಾನೂನು ಮಾಡಿತು. 2025ರ ಜನವರಿಯಲ್ಲಿ ಅದಕ್ಕೆ ಅಂಕಿತ ಬಿತ್ತು. ಅದರಂತೆ ಆರು ಮಂದಿಗಿಂತ ಕಡಮೆ ಜನ, ಕೈಯಲ್ಲಿ ಹಿಡಿಯಬಹುದಾದ ಸಲಕರಣೆಗಳೊಡನೆ, ಸಾರ್ವಜನಿಕರಿಗೆ ತೆರೆದ ಜಾಗದಲ್ಲಿ, ಉಳಿದವರಿಗೂ ಪ್ರಕೃತಿಗೂ ತೊಂದರೆಯಾಗದಂತೆ ಚಿತ್ರ ತೆಗೆದರೆ ಅನುಮತಿಯೂ ಬೇಡ, ಶುಲ್ಕವೂ ಬೇಡ. ಹಣ ಮಾಡುವರೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹೊರೆ ಎಷ್ಟು ಎಂಬುದೇ ಪ್ರಶ್ನೆ.

ಯೆಲೋಸ್ಟೋನಿನಂತಹ ವಿಶಾಲ ಬಯಲಿಗೆ ಹೊಂದುವ ನಿಯಮ ಕೆಲವೇ ತಿಟ್ಟುಗಳ ರಂಗನತಿಟ್ಟಿಗೆ ಹಾಗೆಯೇ ಹೊಂದಲಾರದು. ಇಲ್ಲಿ ಐದು ಮಂದಿಯಿರುವ ಒಂದು ದೋಣಿಯೂ ಗೂಡುಗಳ ಸಾಲಿಗೆ ಹೊರೆಯಾಗಬಲ್ಲದು. ಆದರೆ ಅದರ ತಿರುಳನ್ನು ಎರವಲು ಪಡೆಯಬಹುದು. ಮೊದಲು ಅಳೆಯಬೇಕಾದುದು ಹಕ್ಕಿಯ ಮೇಲೆ ಬೀಳುವ ಹೊರೆಯನ್ನು. ಜೇಬನ್ನು ಅಳೆಯುವುದು ಆಮೇಲೆ. ಗೂಡಿನಿಂದ ಇರಬೇಕಾದ ದೂರ, ಒಂದೆಡೆ ದೋಣಿ ನಿಲ್ಲಬಹುದಾದ ಹೊತ್ತು, ಮರಿಗಳ ಕಾಲದಲ್ಲಿ ಮುಚ್ಚಿಡಬೇಕಾದ ಕಾಲುವೆಗಳು, ಮಿಂಚುದೀಪಕ್ಕೂ ಡ್ರೋನಿಗೂ ತಡೆ, ಧ್ವನಿಮುದ್ರಿಕೆಯಿಂದ ಹಕ್ಕಿಯ ಕೂಗನ್ನು ಕೇಳಿಸಿ ಕರೆಯುವುದಕ್ಕೆ ನಿಷೇಧ: ಇವು ಎಲ್ಲರಿಗೂ ಒಂದೇ ಆಗಿರಬೇಕು, ಎಷ್ಟು ಹಣ ಕೊಟ್ಟರೂ ಸಡಿಲವಾಗಬಾರದು. ಇವನ್ನೆಲ್ಲ ಪಾಲಿಸಿದ ಮೇಲೆ, ಚಿತ್ರದಿಂದ ಗಳಿಸುವವನು ಕರಾರಿನಂತೆ ಪಾಲು ಕೊಡಲಿ.

ಒಂದೇ ಸೀಮೆ, ಹಲವು ಒಡೆಯರು

ಈ ಸೀಮೆಯಲ್ಲಿ ಕ್ಯಾಮರಾ ಹಿಡಿದು ಹೊರಡುವವರು ತಿಳಿದಿರಬೇಕಾದ ಇನ್ನೊಂದು ತೊಡಕಿದೆ. ಅನುಮತಿ ಕೊಡುವವರು ಎಲ್ಲೆಡೆಯೂ ಒಬ್ಬರೇ ಅಲ್ಲ. ರಂಗನತಿಟ್ಟು ಅರಣ್ಯ ಇಲಾಖೆಗೆ ಸೇರಿದ್ದು. ತೋಳಗಳಿಗಾಗಿ ಹೆಸರಾದ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವನ್ಯಧಾಮವೂ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನವಿಲುಧಾಮವೂ ಆ ಇಲಾಖೆಯ ಆಡಳಿತಕ್ಕೇ ಒಳಪಟ್ಟವು. ಆದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಉದ್ಯಾನ ಕೇಂದ್ರ ಸರ್ಕಾರದ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ಚಲನಚಿತ್ರ ತೆಗೆಯಲು 1959ರ ನಿಯಮಗಳಂತೆ ಪರವಾನಗಿ ಬೇಕು. ಕೃಷ್ಣರಾಜಸಾಗರದ ಬೃಂದಾವನವಾದರೋ ನೀರಾವರಿ ನಿಗಮದ ಕೈಯಲ್ಲಿದೆ. ಒಂದೆಡೆ ಸಿಕ್ಕ ಚೀಟಿ ಇನ್ನೊಂದೆಡೆ ಸಲ್ಲುವುದಿಲ್ಲ. ಮದುವೆಯ ಮುನ್ನ ವಧೂವರರ ಚಿತ್ರ ತೆಗೆಸುವ ಈಚಿನ ಹುಮ್ಮಸ್ಸಿನಲ್ಲಿ ಈ ಭೇದ ಮರೆತುಹೋಗುವುದುಂಟು. ಹೂದೋಟದಲ್ಲಿ ಬಣ್ಣದ ಹೊಗೆ ಎಬ್ಬಿಸಿದರೆ ಕಾವಲುಗಾರ ಗದರಿಸಿಯಾನು. ಗೂಡುಗಳ ನಡುವೆ ಎಬ್ಬಿಸಿದರೆ ಆಗುವ ನಷ್ಟ ಗದರಿಕೆಯಿಂದ ತುಂಬಿಬರುವುದಿಲ್ಲ.

ಅಂಬಿಗನ ಹುಟ್ಟು

ನಿಯಮಗಳು ಬೆಂಗಳೂರಿನಲ್ಲಿ ಅಚ್ಚಾಗುತ್ತವೆ, ದೆಹಲಿಯಲ್ಲಿ ತಿದ್ದುಪಡಿಯಾಗುತ್ತವೆ. ಆದರೆ ರಂಗನತಿಟ್ಟಿನಲ್ಲಿ ಅವು ಜಾರಿಯಾಗುವುದು ಅಂಬಿಗನ ಕೈಯ ಹುಟ್ಟಿನಿಂದ. ದೋಣಿ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕೆಂದು ಬಲ್ಲವನು ಅವನೇ. ಯಾವ ಕೊಂಬೆಯಲ್ಲಿ ಮೊಟ್ಟೆಯಿದೆ, ಯಾವ ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯುತ್ತಿದೆ ಎಂಬುದು ದಿನವೂ ಆ ನೀರಿನ ಮೇಲಿರುವವನಿಗೆ ತಿಳಿದಂತೆ ಬೇರೆ ಯಾರಿಗೂ ತಿಳಿಯದು. ಅವನ ಬಾಯಿಂದ ಇಷ್ಟೇ ಸಾಕು ಎಂಬ ಮಾತು ಬಂದಾಗ, ದೋಣಿಯಲ್ಲಿ ಕುಳಿತ ವಿದ್ಯಾವಂತರು ಇನ್ನೂ ಸ್ವಲ್ಪ ಹತ್ತಿರ ಎಂದು ಒತ್ತಾಯಿಸಿ ಅವನ ಕೈಗೆ ನೋಟು ತುರುಕಿದರೆ, ಕಾಯಿದೆಯ ಎಲ್ಲ ಪ್ರಕರಣಗಳೂ ಅಲ್ಲಿಯೇ ನೀರಿಗೆ ಬಿದ್ದಂತೆ. ಅವನಿಗೆ ತಕ್ಕ ಸಂಬಳವೂ, ಬೇಡವೆನ್ನುವ ಅಧಿಕಾರವೂ, ಆ ಅಧಿಕಾರವನ್ನು ಬಳಸಿದಾಗ ಮೇಲಿನವರ ಬೆಂಬಲವೂ ದೊರೆಯಬೇಕು. ಶುಲ್ಕದಿಂದ ಬಂದ ಹಣಕ್ಕೆ ಇದಕ್ಕಿಂತ ಸಾರ್ಥಕವಾದ ವೆಚ್ಚ ಇನ್ನೊಂದಿಲ್ಲ.

ಭಾನುವಾರ ಮಕ್ಕಳೊಡನೆ ರಂಗನತಿಟ್ಟಿಗೆ ಹೋಗುವ ಸಂಸಾರವೂ ಈ ಕೆಲಸದಲ್ಲಿ ಪಾಲುಗೊಳ್ಳಬಹುದು. ದೋಣಿಯಲ್ಲಿ ಎದ್ದು ನಿಲ್ಲದಿರುವುದು, ಕೂಗದಿರುವುದು, ಹತ್ತಿರ ಒಯ್ಯೆಂದು ಅಂಬಿಗನನ್ನು ಪೀಡಿಸದಿರುವುದು: ಇಷ್ಟಕ್ಕೆ ಯಾವ ಪರವಾನಗಿಯೂ ಬೇಕಿಲ್ಲ. ಹಕ್ಕಿ ತಲೆಯೆತ್ತಿ ದೋಣಿಯನ್ನೇ ದಿಟ್ಟಿಸತೊಡಗಿತೆಂದರೆ ಮೇರೆ ಬಂದಿತೆಂದೇ ಅರ್ಥ. ಅಲ್ಲಿಂದ ಹಿಂದೆ ಸರಿಯುವುದನ್ನು ಮಕ್ಕಳಿಗೆ ಕಲಿಸಿದರೆ ಅವರು ಅದನ್ನು ಜೀವಮಾನದಲ್ಲಿ ಮರೆಯುವುದಿಲ್ಲ. ಮೊಬೈಲಿನಲ್ಲಿ ಕೊಕ್ಕರೆ ಸಾಸಿವೆಯಷ್ಟು ಸಣ್ಣದಾಗಿ ಬಂದೀತು. ಬರಲಿ. ಅದು ಗೂಡಿನ ಮೇಲೆಯೇ ಕುಳಿತಿರುವ ಕೊಕ್ಕರೆಯ ಚಿತ್ರವಾಗಿರುತ್ತದೆ.